ಬ್ಯಾಂಕಾಕಿನ್ಯಾಗ ಸಿಕ್ಕ ಬೇವಿನ ಹೂವು

ಸ್ಟೇಶನ್ ಬಜಾರ

ಪರದೇಶಕ್ಕ ಹೋಗಿ ಬಂದಾಕಿಗಿ ಜನ ಕೇಳೋದು ಎರಡ ಮಾತು. ಏನು ಉಂಡಿ, ಏನು ತಂದಿ. ಉಂಡದ್ದು ಮನಿಯಿಂದ ಕಟ್ಟಿಕೊಂಡು ಹೋದ ಕಟಕ್ ರೊಟ್ಟಿ, ತಂದದ್ದು ಒಂದು ಜಗಳ. ನಡುವ ಏನಾತು ಅಂತ ಯಾರೂ ಕೇಳಂಗಿಲ್ಲ. ಅದಕ್ಕ ನಾನ ಹೇಳಾಕತ್ತೀನಿ.

ನಾನು ಕಸ್ತೂರಿ. ಕಲಬುರಗಿ ಸ್ಟೇಶನ್ ಬಜಾರದಾಗ ನಮ್ಮದೊಂದು ಖಾನಾವಳಿ ಅದ. ರೈಲು ಇಳದವರು, ಲಾಡ್ಜಿನ್ಯಾಗ ಇಳಕೊಂಡವರು, ಕೋರ್ಟಿಗಿ ತಾರೀಖು ಇದ್ದವರು ಎಲ್ಲಾರೂ ಬಂದು ಉಣತಾರ. ಕಸ್ತೂರಿ ಬಾಯಿ ಬೊಂಬಾಯಿ ಅಂತ ಗಿರಾಕಿಗಳೆಲ್ಲ ನನ್ನ ಬೆನ್ನ ಹಿಂದ ಆಡ್ಕೋತಾರ. ಆಡ್ಕೊಳ್ಳಿ. ರೊಟ್ಟಿ ಬಿಸಿ ಇರೋತನಕ ಬಾಯಿ ತಡ್ಕೋತಾರ.

ಯುಗಾದಿ ದಿನ ನಮ್ಮ ಖಾನಾವಳಿಗಿ ಯಾರ ಬಂದ್ರೂ ಮೊದಲ ಒಂದು ಗ್ಲಾಸ್ ಬೇವು. ಬೆಂಗಳೂರು ಕಡಿಯವರು ಬೇವು-ಬೆಲ್ಲ ಅಂತ ಒಂದು ಚಿಟಿಕಿ ಬಾಯಾಗ ಹಾಕ್ಕೊಂಡು ಮುಗಸ್ತಾರ. ನಮ್ಮಲ್ಲಿ ಬೇವು ಅಂದ್ರ ಕುಡಿಯೋದು. ಹೊಸ ಗಡಿಗಿಯೊಳಗ ನೀರು, ಬೆಲ್ಲ, ಹುಣಸಿಹುಳಿ, ಪುಠಾಣಿ ಹಿಟ್ಟು, ಮಾವಿನಕಾಯಿ ತುರಿ, ಮ್ಯಾಲ ಬೇವಿನ ಹೂವು. ಎಲಿ ಹಾಕಿದ್ರ ನಡಿಯಂಗಿಲ್ಲ, ಹೂವೇ ಬೇಕು. ಆ ಹೂವೂ ಕಮಲಾಪುರದಾಗ ನನ್ನ ತವರುಮನಿ ಹಿತ್ತಲದ ಗಿಡದ್ದ ಆಗಬೇಕು. ಕೀಳೋ ಹಂಗಿಲ್ಲ, ಬುಡಕ್ಕ ಹಳೇ ಧೋತರ ಹಾಸಿ, ತಾನಾಗಿ ಉದುರಿದ್ದಷ್ಟ ಆರಿಸ್ಕೊಂಡು ಬರೋದು. ಲಗ್ನ ಆಗಿ ಬಂದಾಗಿಂದ ನಾನು ಹಿಂಗ ನಡಸ್ಕೊಂಡು ಬಂದೀನಿ.

ಈ ಸಲ ಮಳಿ ಎಲ್ಲಾ ಕೆಡಿಸ್ತು. ದೀಪಾವಳಿ ಮುಗದು, ಛಳಿಗಿ ಒಲಿ ಮುಂದ ಕೂಡೋ ಹೊತ್ತಿನ್ಯಾಗ, ಆಷಾಢದಾಗ ಬರದ ಮಳಿ ಒಂದ ಸವನೆ ಎಂಟು ದಿನ ಬಂತು. ಹೊಲದಾಗ ತೊಗರಿ ಹೂವು ಉದುರಿ ಮಣ್ಣಾತು. ನಮ್ಮ ಓಣಿ ಮಾವಿನ ಗಿಡ ಹೂವು ಬಿಡೋದು ಮರತು ಬರೇ ಎಲಿ ಚಿಗಿಸಿ ನಿಂತಿತು. ಶಿವರಾತ್ರಿ ಆದ ಮ್ಯಾಲ ಬೇವಿಗಿ ಮೊಗ್ಗು ಕಾಣಬೇಕು, ಕಾಣಲಿಲ್ಲ. ಮ್ಯಾಲ ಈ ವರ್ಷ ಮುಂದ ಅಧಿಕ ಮಾಸ ಬರೋದಿತ್ತಲ್ಲ, ಅದಕ್ಕ ಯುಗಾದಿ ಸೈತ ಮುಂಚೇನ ಬಂದು ಬಾಗಲ ಬಡೀತಿತ್ತು.

ಇಂಥಾದ್ರಾಗ ನನ್ನ ಪ್ರವಾಸ. ದಸರಾ ಹೊತ್ತಿಗಿ ಸೂಪರ್ ಮಾರ್ಕೆಟ್‌ನ ಬಂಗಾರದ ಅಂಗಡಿಯೊಳಗ ಒಂದು ಜೋಡಿ ಬೆಂಡೋಲಿ ತೊಗೊಂಡಿದ್ದೆ. ಚೀಟಿ ಎತ್ತಿದ್ರ ಇಬ್ಬರಿಗಿ ಬ್ಯಾಂಕಾಕ್! ನಮ್ಮ ಮನಿಯವರಿಗಿ ಮಾಳಿಗಿ ಏಣಿ ಹತ್ತಿದ್ರ ತಲಿ ತಿರಗ್ತದ, ವಿಮಾನ ಎಲ್ಲಿಂದ ಹತ್ತಬೇಕು. "ನಿನ್ನ ವೈನಿನ ಕರ್ಕೊಂಡು ಹೋಗು, ಪಾಪ, ಆಕಿ ಕಮಲಾಪುರ ಬಿಟ್ಟು ಏನೂ ನೋಡಿಲ್ಲ" ಅಂದ್ರು. ಖರೇ ಮಾತು ಅನ್ನಿಸ್ತು.

ಕಮಲಾಪುರ

ವೈನಿ ಅಂದ್ರ ನಮ್ಮ ಅಣ್ಣನ ಹೆಂಡತಿ, ಸುವರ್ಣಾ. ಹೋಗೋ ಹಿಂದಿನ ದಿನ ಆಕಿನ್ನ ಕರ್ಕೊಂಡು ಬರಾಕಂತ ಬಸ್ಸಿಗಿ ಕಮಲಾಪುರಕ್ಕ ಹೋದೆ. ಸಂತಿ ದಿನ ಇತ್ತು. ಕೆಂಪು ಬಾಳಿಹಣ್ಣಿನ ಗೊನಿ ಇಟಗೊಂಡ ಹೆಂಗಸರು, "ಈ ವರ್ಷ ಗೊನಿ ಬ್ಯಾಡಾದ ಹೊತ್ತಿಗಿ ಬಂದಾವ ರೀ, ಮಳಿಗಿ ತಲಿ ಕೆಟ್ಟದ" ಅಂತ ಮಾತಾಡಾಕತ್ತಿದ್ರು.

ಮನಿಗಿ ಹೋದವಳ ಸೀದಾ ಹಿತ್ತಲಕ್ಕ ಹೋದೆ. ಗಿಡ ಹಚ್ಚಗ ದಟ್ಟಗ ನಿಂತಿತ್ತು. ಒಂದು ಮೊಗ್ಗಿಲ್ಲ. ಅದರ ಬುಡಕ್ಕ ನಮ್ಮ ಅಣ್ಣ, ಅವನ ಬಾಜೂ ಬಡಿಗ್ಯಾ ಮಾನಪ್ಪ. ಮಾನಪ್ಪ ಬೊಡ್ಡಿಗಿ ಹಗ್ಗ ಸುತ್ತಿ ಅಳತಿ ನೋಡ್ತಿದ್ದ.

"ಏನ ನಡಸೀರಿ?" ಅಂದೆ.

"ಮನಿ ಕಟ್ಟೋನಂತ," ಅಂದ ಅಣ್ಣ. "ತ್ವಾಟದ ಕಡಿ ಜಾಗಾ ಅದ ಅಲ್ಲ, ಅಲ್ಲೇ. ಬಾಗಲ, ಕಿಡಕಿ ಚೌಕಟ್ಟಿಗೆಲ್ಲ ಇದ ಗಿಡ ಸಾಕು. ಬೇವಿನ ಕಟ್ಟಿಗಿಗಿ ಗೆದ್ದಲಿ ಹತ್ತಂಗಿಲ್ಲ."

"ನನ್ನ ಹೂವು?"

"ಹೂವು ಎಲ್ಲಿ ಅದ? ನೋಡು ಮ್ಯಾಲ. ಗೊಡ್ಡು ಬಿದ್ದದ ಇದು."

ಅಲ್ಲೇ ಜಗಳ ಹತ್ತಿತು. ಅರ್ಧಾ ತಾಸು ಒದರಿದೆ. ಕಡೀಕ ಅಣ್ಣ ಕೈ ಮುಗದ. "ಆತು, ಯುಗಾದಿತನ ತಡೀತೀನಿ. ಅಷ್ಟರಾಗ ಒಂದ ಹೂವು ಕಂಡ್ರೂ ಗಿಡ ನಿನ್ನದು. ಕಾಣಲಿಲ್ಲಂದ್ರ ಮರುದಿನ ಮಾನಪ್ಪ ಕೊಡ್ಲಿ ತರ್ತಾನ. ಮಾತು ತಪ್ಪಬ್ಯಾಡ." ನಾನೂ ಮಾತು ಕೊಟ್ಟೆ. ನಮ್ಮ ಅಣ್ಣ ಹಟಮಾರಿ ಖರೇ, ಮಾತಿಗಿ ತಪ್ಪೋ ಮನಷ್ಯಾ ಅಲ್ಲ.

ವೈನಿ ಕಸಬರಿಗಿ ಹಿಡಕೊಂಡು ಬಾಜೂಕ ನಿಂತಿದ್ಲು. ಒಂದು ಮಾತು ಆಡಲಿಲ್ಲ. ಆಕಿ ಎಂದೂ ಹಂಗ, ಹತ್ತು ಮಾತಿಗಿ ಒಂದು ಹೂಂ.

ವಿಮಾನ, ಅದರಾಚೆ

ಹೈದರಾಬಾದಿನಿಂದ ವಿಮಾನ. ನನ್ನ ಕೈಚೀಲದಾಗಿನ ಶೇಂಗಾ ಹಿಂಡಿ ಚಟ್ನಿಪುಡಿ ಡಬ್ಬಿ ನೋಡಿ ತಪಾಸಣಿ ಮಾಡೋ ಹುಡುಗಿಗಿ ಸಂಶೇ ಬಂತು. ಮುಚ್ಚಳ ತಗದು ಮೂಗಿನ ಹಂತ್ಯಾಕ ಒಯ್ದಳು. ಮುಂದ ಆಕಿ ಸೀನಿದ್ದು ಸೀನಿದ್ದ. ಸಾಲಿನ್ಯಾಗ ನಿಂತವರೆಲ್ಲ ನಮ್ಮನ್ನ ನೋಡಾಕತ್ರು. ವೈನಿ ಸೆರಗಿನ್ಯಾಗ ಮಾರಿ ಮುಚ್ಕೊಂಡಳು, ನನಗೋ ನಗಿ ತಡಿಯಾಕ ಆಗಲಿಲ್ಲ.

ನಗಿ ಅಲ್ಲಿಗೇ ಮುಗೀತು. ವಿಮಾನದಾಗ ಕೂತಾಗಿಂದ ನನಗ ಗಿಡದ್ದ ಚಿಂತಿ. ಒಂದ ಹೂವು ಕಂಡ್ರ ಸಾಕಂತ ಅಣ್ಣ ಅಂದಾನ, ಆದ್ರ ಕಾಣಾಕ ನಾನ ಇಲ್ಲಲ್ಲ? ಹಿತ್ತಲದಾಗ ಯಾರು ನೋಡ್ತಾರ?

ಬ್ಯಾಂಕಾಕಿನ್ಯಾಗ ನಮ್ಮನ್ನ ಕರ್ಕೊಂಡು ತಿರಗಾಕ ಬಂದಾಕಿ ನೋಕ್ ಅಂತ, ಅಲ್ಲಿಯವಳ, ಮೂವತ್ತರ ಆಸುಪಾಸು. ಸಿನೆಮಾ ನೋಡಿ ನೋಡಿ ಹಿಂದಿ ಕಲ್ತಾಳಂತ. ನನ್ನದು ಸ್ಟೇಶನ್ ಬಜಾರದ ಹಿಂದಿ, ಅರ್ಧಾ ಉರ್ದು, ಅರ್ಧಾ ಕನ್ನಡ. ನಾನು ಯಾಕ ಅನ್ನಾಕ "ಕೈಕು?" ಅಂದ್ರ ಆಕಿಗಿ ತಿಳಿಯಂಗಿಲ್ಲ, ಆಕಿ ಶುದ್ಧ ಹಿಂದಿ ಅಂದ್ರ ನನಗ ತಿಳಿಯಂಗಿಲ್ಲ. ಆದ್ರೂ ಎರಡು ದಿನದಾಗ ಇಬ್ಬರೂ ಬೇಷ್ ಜಗಳಾಡೋ ಮಟ್ಟಕ್ಕ ಬಂದ್ವಿ.

ಅಲ್ಲಿ ಜನ ನಮ್ಮಂಗ ಕೈ ಜೋಡಿಸಿ ನಮಸ್ಕಾರ ಮಾಡ್ತಾರ. ನಾನು ತಿರುಗಿ ಮಾಡಿದ್ರ ಅವರು ಮತ್ತ ಮಾಡ್ತಾರ, ನಾನು ಬಿಡಾಕಿ ಅಲ್ಲ, ಮತ್ತ ಮಾಡ್ತೀನಿ. ಲಾಡ್ಜಿನ ಬಾಗಲದಾಗ ಇದ ಆಗಿ ಬಸ್ಸು ತಡಾ ಆತು. ಎಲ್ಲಾ ಕಟ್ಟಡದ ಮುಂದ ಕಂಬದ ಮ್ಯಾಲ ಒಂದು ಸಣ್ಣ ಗುಡಿ. ಆ ಜಾಗಾದ ದೈವಕ್ಕಂತ ಕಟ್ಟಿದ್ದಂತ. ಅದರ ಮುಂದ ಕೆಂಪು ಸೋಡಾ ಬಾಟ್ಲಿ, ಬಾಟ್ಲಿಗಿ ಕುಡಿಯೋ ನಳಿಗಿ ಸೈತ. ದೈವಕ್ಕ ಎಂಜಲ ಆಗಬಾರದಂತ ಇರಬೇಕು. ವೈನಿ ದಿನಾ ಮುಂಜಾನಿ ಅದಕ್ಕ ಕೈಮುಗದು ಗಲ್ಲ ಬಡ್ಕೊಂತಿದ್ಲು, ಕಾವಲಿನ ಮನಷ್ಯಾ ನಗ್ತಿದ್ದ.

ನಾನು ಮಾತ್ರ ಎಲ್ಲೂ ನೆಟ್ಟಗ ಕೂಡಲಿಲ್ಲ. ಬೆಂಕಿ ಮ್ಯಾಲ ಕೂತಂಗ. ನೋಕ್ ಅರಮನಿ ತೋರಿಸ್ಯಾಳ, ನಾನು ಫೋನು ನೋಡೀನಿ. ನೋಕ್ ಬಂಗಾರದ ಬುದ್ಧನ್ನ ತೋರಿಸ್ಯಾಳ, ನಾನು ಅಣ್ಣಗ ಫೋನು ಹಚ್ಚೀನಿ. ಅಂವ ಎತ್ತಂಗಿಲ್ಲ. ಗಿಡದ ಫೋಟೋ ಕಳಸು ಅಂತ ಮೆಸೇಜು ಮಾಡಿದ್ರ, ಬಾಳಿ ಗೊನಿ ಫೋಟೋ ಕಳಿಸ್ದ. ತಲಿ ಕೆಟ್ಟು ಮೊಸರ ಗಡಿಗಿ ಆತು.

"ನೋಡಾಕ ಬಂದೀ, ನೋಡು," ಅಂದ್ಲು ವೈನಿ, ಮೆಲ್ಲಕ.

"ನಿಮಗೇನು ರೀ ವೈನಿ, ಗಿಡ ಹೋದ್ರ ನನ್ನದು ಹೋಗ್ತದ," ಅಂತ ಹರಿಹಾಯ್ದೆ.

ನೀರ ಮ್ಯಾಲಿನ ಸಂತಿ

ಮೂರನೇ ದಿನ ಮುಂಜಾನಿ ಊರ ಹೊರಗ ಒಂದು ಸಂತಿಗಿ ನೋಕ್ ನಮ್ಮನ್ನ ಒಯ್ದಳು. ಕಾಲುವಿಯೊಳಗ ದೋಣಿ, ದೋಣಿಯೊಳಗ ಅಂಗಡಿ. ಕಾಯಿಪಲ್ಯ ತೂಗೋದು, ಚೌಕಾಶಿ ಮಾಡೋದು, ಅಡಗಿ ಬೇಯಸೋದು ಎಲ್ಲಾ ನೀರಿನ ಮ್ಯಾಲ. ಕಮಲಾಪುರದ ಸಂತಿಗಿ ಯಾರೋ ನೀರು ಬಿಟ್ಟಂಗ ಇತ್ತು. ಒದರಾಟ ಮಾತ್ರ ಎರಡೂ ಕಡಿ ಒಂದ.

ದಂಡಿ ಮ್ಯಾಲ ಕೂತ ಒಬ್ಬ ಮುದುಕಿ ಹಂತ್ಯಾಕ ನನ್ನ ಕಾಲು ಗಕ್ಕನ ನಿಂತವು. ಬಿದಿರಿನ ತಟ್ಟಿಯೊಳಗ ಸಣ್ಣ ಸಣ್ಣ ಸೂಡು ಕಟ್ಟಿದ್ಲು. ಎಳೀ ಚಿಗುರು, ಅದರ ನಡುವ ಬಿಳೀ ಮೊಗ್ಗು, ಅರಳಿದ ಹೂವು.

"ವೈನಿ," ಅಂದೆ, "ಬೇವು!"

ಒಂದು ಎಸಳು ಬಾಯಾಗ ಇಟಗೊಂಡೆ. ಕಹಿ ಕಡಿಮಿ ಇತ್ತು, ನಮ್ಮದರಷ್ಟು ಇಲ್ಲ. ಆದ್ರ ಬೇವು ಅದು. ನನ್ನ ಕಣ್ಣಾಗ ನೀರು ಬಂತು, ಸುಳ್ಳ ಯಾಕ ಹೇಳಲಿ. ಆ ಮುದುಕಿ ನನ್ನ ನೋಡಿ ನಕ್ಕು, ಬಿಸಿ ನೀರಾಗ ಅದ್ದಿ ತಗದ ಒಂದು ಸೂಡು, ಬಾಜೂ ಒಂದು ಬಟ್ಟಲದಾಗ ಗಟ್ಟಿ ರಸ ಇಟ್ಟು ಕೊಟ್ಟಳು. ನೋಕ್ ಹೇಳಿದ್ಲು: ಇಲ್ಲಿ ಛಳಿಗಾಲ ಮುಗಿಯೋ ಹೊತ್ತಿಗಿ ಬೇವಿನ ಹೂವು ಉಣ್ಣೋದು ಪದ್ಧತಿ, ಬೆಲ್ಲ ಮತ್ತ ಹುಣಸಿಹುಳಿ ಕೂಡಿಸಿದ ರಸದಾಗ ಅದ್ದಿ ತಿನ್ನಬೇಕು. ಬೆಲ್ಲ, ಹುಣಸಿಹುಳಿ, ಬೇವು! ಇದು ನಮ್ಮ ಯುಗಾದಿನ ಅಲ್ಲೇನು? ಅಂತ ಅದ್ದಿ ಬಾಯಾಗ ಹಾಕ್ಕೊಂಡೆ. ಸೀ ಆತು, ಹುಳಿ ಆತು, ಹಿಂದೇನ ಇನ್ನೊಂದು ವಾಸನಿ ಬಂತು.

"ಇದರಾಗ ಮತ್ತೇನದ?" ಅಂದೆ.

"ಮಛಲಿ ಕಾ ಪಾನಿ," ಅಂದ್ಲು ನೋಕ್, ಭಾಳ ಪ್ರೀತಿಲೆ.

ಮೀನಿನ ರಸ! ಲಿಂಗ ಕಟ್ಟಿದ ಕೊರಳಿಗಿ! ಕಾಲುವಿ ಕಡಿ ಓಡಿ ಉಗುಳಿದೆ, ಬಾಟ್ಲಿ ನೀರೆಲ್ಲ ಮುಕ್ಕಳಿಸಿದೆ. ಮುದುಕಿ ಹಣಿ ಹಣಿ ಬಡ್ಕೊಂಡು ನಗಾಕತ್ತಿದ್ಲು. ಹೊಳ್ಳಿ ಬಂದು ನೋಡ್ತೀನಿ, ವೈನಿ ರಸ ಮುಟ್ಟಿಲ್ಲ. ಬರೇ ಹೂವು ಅಂಗೈಯಾಗ ಹಿಡಕೊಂಡು ನಿಂತಾಳ.

ನಾನು ಆ ಮುದುಕಿಗಿ ನಮ್ಮ ಗಿಡದ ಕತಿ ಹೇಳು ಅಂತ ನೋಕಗ ಅಂದೆ. ಮುದುಕಿ ಕೇಳಿ, ತಲಿ ಅಲ್ಲಾಡಿಸಿ, ಉದ್ದಕ ಹೇಳಿದ್ಲು. ನೋಕ್ ತುಂಡು ತುಂಡು ಮಾಡಿ ಹಿಂದಿಯೊಳಗ ಇಟ್ಟಳು. ಇಲ್ಲೂ ಈ ವರ್ಷ ಮಳಿ ದಾರಿ ತಪ್ಪೇದಂತ. ಬೇವಿಗಿ ಹೂವು ಬರಬೇಕಂದ್ರ ಮೊದಲ ಅದು ನೀರಡಸಬೇಕು. ಒಣಾ ದಿನ ಬಿದ್ದಾಗ ಗಿಡ ಒಳಗೊಳಗ ತಯಾರಿ ಮಾಡ್ಕೋತದ. ಆಗ ಬ್ಯಾಡಾದ ಮಳಿ ಸುರದ್ರ ಕೆಲವು ಗಿಡ ಹೂವು ಮರತು ಎಲಿ ಬಿಡ್ತಾವ. ಈಕಿ ಮನಿ ಹಿಂದ ಎರಡು ಗಿಡ ಅದಾವಂತ, ಒಂದ ಬೇಲಿಯೊಳಗ. ಒಂದಕ್ಕ ಬರೇ ಎಲಿ, ಇನ್ನೊಂದಕ್ಕ ಎರಡು ತಿಂಗಳು ಮೊದಲೇ ಹೂವು ಬಂದು ಹೋತಂತ. ಮಾರೋ ಸೂಡು ಬ್ಯಾರೆಯವರ ತ್ವಾಟದ್ದಂತ.

ಆವಾಗ ವೈನಿ ಬಾಯಿ ಬಿಟ್ಟಳು. ಮೂರು ದಿನದಾಗ ಆಕಿ ಕೇಳಿದ್ದು ಅದೊಂದ ಪ್ರಶ್ನಿ.

"ಮುಂಚೇನ ಹೂವು ಬಿಟ್ಟ ಗಿಡ ಮತ್ತ ಆ ವರ್ಷ ಬಿಡಂಗಿಲ್ಲೇನು, ಕೇಳು."

ಮುದುಕಿ ಅಂದ್ಲು: ಆ ವರ್ಷ ಬಿಡೋದು ಕಷ್ಟ. ಆದ್ರ ಗಿಡಕ್ಕ ಏನೂ ಆಗಿಲ್ಲ, ಮುಂದಿನ ವರ್ಷ ಮಳಿ ಸರಿ ಬಂದ್ರ ಹೂವೂ ಸರಿ ಬರ್ತಾವ.

ನಾನು ವೈನಿ ಮಾರಿ ನೋಡಿದೆ. ಆಕಿ ಬ್ಯಾರೆ ಕಡಿ ನೋಡಿದ್ಲು.

ದೋಣಿ

ಹೊಳ್ಳಿ ಬರೋ ದೋಣಿಯೊಳಗ ಇಬ್ಬರೇ ಹಿಂದ ಕೂತಿದ್ವಿ.

"ವೈನಿ, ಗಿಡ ಹೂವು ಬಿಟ್ಟಿತ್ತು. ಹೌದಲ್ಲ?"

"ಎಳ್ಳಮಾಸಿ ವಾರದಾಗ," ಅಂದ್ಲು.

ಛಳಿಗಾಲದ ಎಳ್ಳ ಅಮಾವಾಸ್ಯಿಗಿ ನಮ್ಮ ಕಡಿ ಊರಿಗೂರ ಹೊಲಕ್ಕ ಹೋಗ್ತದ. ಸಜ್ಜಿರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಭೂಮಿತಾಯಿಗಿ ಎಡಿ ಅಂತ ಚರಗ ಚೆಲ್ಲಾಕ. ಮನಿಯಾಗ ಯಾರೂ ಇರಂಗಿಲ್ಲ. ಆ ಮುಂಜಾನಿ ಬುತ್ತಿ ಕಟ್ಟಾಕ ಎದ್ದಾಕಿ ಹಿತ್ತಲದಾಗ ನೋಡಿದ್ರ ನೆಲೆಲ್ಲ ಬೆಳ್ಳಗ. ಹೂವು. ಛಳಿಗಾಲದ ಮಳಿ ಗಿಡಾನ ಮೋಸ ಮಾಡಿ ಎಬ್ಬಿಸಿತ್ತು. ಏಳೆಂಟು ದಿನ ಉದುರಿದುವಂತ. ಆಕಿ ದಿನಾ ನಸುಕಿನ್ಯಾಗ ಗುಡಿಸಿ ತಿಪ್ಪಿಗಿ ಚೆಲ್ಲಿದ್ಲು. ಅಣ್ಣ ಆವಾಗ ಬೆಳಿ ಕಾಯಾಕ ಹೊಲದಾಗ ಇರ್ತಿದ್ದ, ಉಳದವರು ತಲಿ ಎತ್ತಿ ಮ್ಯಾಲ ನೋಡಂಗಿಲ್ಲ.

"ತಿಪ್ಪಿಗಿ?" ನನ್ನ ದನಿ ದೋಣಿ ಮುಂದಿನ ತುದಿಗಿ ಕೇಳಿಸಿರಬೇಕು, ನೋಕ್ ತಿರುಗಿ ನೋಡಿದ್ಲು. "ನನಗೊಂದು ಫೋನ್ ಮಾಡಿದ್ರ ಏನಾಗ್ತಿತ್ತು? ಒಣಗಿಸಿ ಇಟಗೋತಿದ್ದೆ. ಗಿಡ ಗೊಡ್ಡು ಅಂತ ಅಣ್ಣ ಅನ್ನೋವಾಗ ಸುಮ್ಮ ನಿಂತ್ರಿ. ನಿಮ್ಮ ಹೊಟ್ಯಾಗ ಏನದ?"

ವೈನಿ ದೋಣಿ ಅಂಚು ಗಟ್ಟಿ ಹಿಡಕೊಂಡಿದ್ಲು. ಆಕಿಗಿ ನೀರು ಅಂದ್ರ ಅಂಜಿಕಿ.

"ನನ್ನ ಅಡಗಿಮನಿಗಿ ಬಾಗಲ ಇಲ್ಲ ಕಸ್ತೂರಿ," ಅಂದ್ಲು. "ಇಪ್ಪತ್ತೆಂಟು ವರ್ಷ ಆತು. ಹೊರಗಿಂದ ಸುತ್ತು ಹಾದಿ ಇದ್ರೂ ಎಲ್ಲಾರಿಗೂ ಹಿತ್ತಲಕ್ಕ ಹೋಗೋ ಹಾದಿ ಅಂದ್ರ ನನ್ನ ಅಡಗಿಮನಿ. ಬಾಜೂ ಪಾಲಿನ ನಿಮ್ಮ ದೊಡ್ಡಪ್ಪನ ಮಕ್ಕಳು ಬಾವಿ ನೀರಿಗಂತ ಬಕೀಟು ಹಿಡಕೊಂಡು ಹಾಯ್ದು ಹೋಗ್ತಾರ, ಅವರ ಆಳು ಹಾಯ್ದು ಹೋಗ್ತಾರ, ಆಡು ಹಾಯ್ದು ಹೋಗ್ತಾವ. ಒಂದು ತುತ್ತು ಬಾಯಿಗಿ ಇಡಬೇಕಂದ್ರ ನಾಕು ಮಂದಿಗಿ ಕಾಲು ತಗದು ಹಾದಿ ಬಿಡಬೇಕು. ಮೈಗಿ ಹುಷಾರಿಲ್ಲಂದ್ರ ಮಲಗಾಕ ಒಂದು ಮೂಲಿ ಇಲ್ಲ. ಪ್ರತಿ ವರ್ಷ ಮನಿ ಕಟ್ಟತೀನಿ ಅಂತಾರ ನಿಮ್ಮಣ್ಣ. ಈ ಸಲ ದೀಪಾವಳಿಗೇ ಈ ಗಿಡ ಕಡದು ಚೌಕಟ್ಟು ಮಾಡಸ್ತೀನಿ ಅಂದ್ರು, ಈಗ ಮಾನಪ್ಪನ್ನೂ ಕರಸ್ಯಾರ. ಹೂವು ಬಿಟ್ಟದ ಅಂತ ನಾ ಹೇಳಿದ್ರ ನೀ ಬಂದು ಒದರ್ತಿ, ಅವರು ಮುಂದಿನ ವರ್ಷ ಅಂತಾರ."

ನಾನು ಏನೋ ಅನ್ನಾಕ ಬಾಯಿ ತಗದೆ. ಆಕಿ ಮುಗಿಸಿರಲಿಲ್ಲ.

"ನೀನೂ ಅಲ್ಲಿಂದನ ಹಾಯ್ದು ಹೋಗ್ತಿ. ಹೂವಿನ ಗಂಟು ಹೊತಗೊಂಡು. ಹೋದ ಯುಗಾದಿಗಿ ನಾನು ಕಲಿಸಿಟ್ಟ ಕಣಕದ ಪರಾತ ಕಾಲಿಲೆ ಸರಿಸಿ ಹೋದಿ. ನಿನಗ ಗೊತ್ತೂ ಆಗಿಲ್ಲ."

ನನಗ ಖರೇನ ಗೊತ್ತಿರಲಿಲ್ಲ. ಎಷ್ಟು ನೆನಪ ಮಾಡ್ಕೊಂಡ್ರೂ ಆ ಪರಾತ ನನ್ನ ಕಣ್ಣಿಗಿ ಬರಲಿಲ್ಲ. ಮೂವತ್ತು ಯುಗಾದಿ ಆ ಮನಿಯಾಗ ಹಾಯ್ದೀನಿ, ಗಿಡದ ಒಂದೊಂದು ಟೊಂಗಿ ಹೇಳಬಲ್ಲೆ, ಆಕಿ ಎಲ್ಲಿ ಕೂತು ಉಣತಾಳ ಅಂತ ಹೇಳಾಕ ಬರಂಗಿಲ್ಲ. ಭಾಳ ನಾಚಿಕಿ ಆತು. ಸಿಟ್ಟೂ ಇತ್ತು, ಅದು ಹೋಗಿರಲಿಲ್ಲ.

ಆಗ ಫೋನು ಬಂತು. ಅಣ್ಣ. ಮೂರು ದಿನ ಎತ್ತದಾಂವ ಆ ಹೊತ್ತಿಗೇ ಹಚ್ಚಿದ್ದ.

"ಏನವಾ, ಹತ್ತು ಸಲ ಫೋನ್ ಮಾಡೀದಿ. ಏನರೆ ಆಗೇದೇನು?"

ಒಂದ ಮಾತು ಅಂದಿದ್ರ ಗಿಡ ಉಳೀತಿತ್ತು. ಎಳ್ಳಮಾಸಿಗಿ ಹೂವು ಬಿಟ್ಟಿತ್ತಂತ, ನಿನ್ನ ಹೆಂಡತಿನ್ನ ಕೇಳು ಅಂದ್ರ ಮುಗೀತು. ವೈನಿ ನನ್ನ ಮಾರಿ ನೋಡ್ಲಿಲ್ಲ, ನನ್ನ ಕೈಯಾಗಿನ ಫೋನ್ ನೋಡಾಕತ್ತಿದ್ಲು.

"ಏನಿಲ್ಲಣ್ಣಾ," ಅಂದೆ. "ಊಟ ಆತೇನಂತ ಕೇಳಾಕ."

ಮುಂದಿನ ಎರಡು ದಿನ ನಾವಿಬ್ಬರೂ ಸೀದಾ ಮಾತಾಡಲಿಲ್ಲ. ನೋಕಗ ಹೇಳೋದು, ನೋಕ್ ಆಕಿಗಿ ಹೇಳೋದು. ನೋಕಗೂ ಸಾಕಾಗಿ ಹೋತು. ನಾನು ಸಂತಿಯಿಂದ ತಂದ ಬೇವಿನ ಸೂಡು ಒದ್ದಿ ಅರಿವ್ಯಾಗ ಸುತ್ತಿ ಚೀಲದಾಗ ಇಟಗೊಂಡಿದ್ದೆ. ಹೈದರಾಬಾದಿನ್ಯಾಗ ಅಧಿಕಾರಿ ತಗಸಿ, ಪರದೇಶದ ಗಿಡಮೂಲಿ ಒಳಗ ಬಿಡಂಗಿಲ್ಲ ಅಂದ. ಇದು ನಮ್ಮದ ಗಿಡ ರೀ, ಇಲ್ಲೇ ರಸ್ತೇಕ ನೋಡ್ರಿ ಅಂತ ವಾದ ಮಾಡಿದೆ. "ಅಮ್ಮಾ, ಇಲ್ಲೇ ಇದ್ರ ಅಲ್ಲಿಂದ ಯಾಕ ತಂದ್ರಿ?" ಅಂದ. ಸೂಡು ಅವನ ಮೇಜಿನ ಮ್ಯಾಲ ಬಿಟ್ಟು ಬಂದೆ.

ಮತ್ತ ಕಮಲಾಪುರ

ಯುಗಾದಿ ಮುಂಜಾನಿ ಹೋದೆ. ಗಿಡ ಇನ್ನೂ ಬರೇ ಹಸರು. ಅಣ್ಣ ಸ್ನಾನಾ ಮಾಡಿ, ಹೊಸಾ ಧೋತರ ಉಟ್ಟು ಬುಡಕ್ಕ ನಿಂತಿದ್ದ. ಹಬ್ಬದ ಊಟಕ್ಕಂತ ಮಾನಪ್ಪನ್ನೂ ಕರದಿದ್ದ, ಅಂವ ಅಳತಿ ಟೇಪು ಸೈತ ತಂದಿದ್ದ. ಎರಡು ಸುತ್ತು ಹಾಕಿ, ಕಣ್ಣಿಗಿ ಕೈ ಅಡ್ಡ ಹಿಡದು ಅಣ್ಣ ಮ್ಯಾಲ ನೋಡಿದ. ಹುಡುಕಾಕನ ನೋಡಿದ, ಅಷ್ಟು ನ್ಯಾಯಸ್ಥ.

"ಒಂದೂ ಇಲ್ಲ, ಕಸ್ತೂರಿ. ನೀನ ನೋಡು."

"ನೋಡೀನಿ."

"ನಾಳಿ ಮಾನಪ್ಪ ಕಡೀತಾನ. ಒಪ್ಪಿದಿಲ್ಲ?"

ಅಡಗಿಮನಿ ಹೊಸ್ತಿಲದಾಗ ವೈನಿ ನಿಂತಿದ್ಲು, ಕೈಯೆಲ್ಲ ಹೂರಣ.

"ಒಪ್ಪೀನಿ," ಅಂದೆ.

ಅಣ್ಣ ನನ್ನ ದಿಟ್ಟಿಸಿ ನೋಡಿದ. "ಯಾಕ, ಮೈ ನೆಟ್ಟಗಿಲ್ಲೇನು?" ಅಂದ. ಒದರಾಟ ಇಲ್ಲದ್ದು ಅವನಿಗಿ ಹಗುರ ಆಗೋದು ಬಿಟ್ಟು ಅಂಜಿಕಿ ಆತು. ಹೊಳ್ಳಿ ಹೋಗೋನಂತ ತಿರಗಿದೆ.

"ಹೂವು ಬಿಟ್ಟಿತ್ತು," ಅಂದ್ಲು ವೈನಿ.

ಅಣ್ಣ ತಿರುಗಿ ನೋಡಿದ.

"ಎಳ್ಳಮಾಸಿಗಿ ಬಿಟ್ಟಿತ್ತು. ಮಳಿ ಆಗಿತ್ತಲ್ಲ, ಅದಕ್ಕ ಮುಂಚೇನ ಬಂತು. ನಾನ ಗುಡಿಸಿ ಚೆಲ್ಲೀನಿ. ಗಿಡ ಗೊಡ್ಡಲ್ಲ. ಆಕಿಗಿ ಗೊತ್ತದ, ಗೊತ್ತಿದ್ದೂ ಒಪ್ಪಾಕತ್ತಾಳ."

"ಚೆಲ್ಲೀದಿ? ಯಾಕ?"

"ನಂಗ ಬಾಗಲ ಬೇಕಾಗಿತ್ತು."

"ಬಾಗಲ ಬೇಕಂದ್ರ ಬಾಯಿ ಬಿಟ್ಟು ಕೇಳಬೇಕಿಲ್ಲೇನು?"

"ಕೇಳೀನಿ ರೀ. ನೀವು ಹೂಂ ಅಂದೀರಿ." ಆಕಿ ಕೈಯಾಗಿನ ಹೂರಣ ಸೆರಗಿಗಿ ಒರಸಿದ್ಲು. "ಮನಿ ನೀವು ಯಾವಾಗರ ಕಟ್ಟಸ್ರಿ. ಗಿಡ ಇರಲಿ. ಮನಿ ಆಗೋತನ ಈ ಅಡಗಿಮನಿಗಿ ಒಂದು ಬಾಗಲ ಹಾಕಸ್ರಿ. ಒಳಗಿಂದ ಚಿಲಕ ಇರಬೇಕು."

ಅಣ್ಣ ಧೋತರದ ಚುಂಗು ಹಿಡಕೊಂಡು ನಿಂತ. ಆಮ್ಯಾಲ ಮಾನಪ್ಪಗ, "ಟೇಪು ತಂದೀದಿ ಅಲ್ಲ, ಒಳಗ ಹೋಗು. ಕಟ್ಟಿಗಿ ಡಿಪೋದಿಂದ ತರೋನು," ಅಂದ. ವೈನಿ ಕಡಿ ನೋಡ್ಲಿಲ್ಲ, ಕೊಟ್ಟಿಗಿ ಕಡಿ ನಡದು ಹೋದ. ನಾಚಿಕಿ ಆದಾಗ ಅಂವ ದನದ ಹಂತ್ಯಾಕ ಹೋಗ್ತಾನ, ಸಣ್ಣಾಂವ ಇದ್ದಾಗಿಂದ ಹಂಗ.

ಮಾನಪ್ಪ ಅಡಗಿಮನಿ ಹೊಸ್ತಿಲದಾಗ ಕೂತು ಟೇಪು ಬಿಚ್ಚಿದ. ಅಷ್ಟರಾಗ ದೊಡ್ಡಪ್ಪನ ಮಗ, ಹಬ್ಬದ ಗಡಿಬಿಡಿಯೊಳಗ, ಎರಡು ಬಕೀಟು ಹಿಡಕೊಂಡು ನೀರಿಗಿ ಹಿತ್ತಲಕ್ಕ ಹೊಂಟು ಬಂದ. ಹೊಳ್ಳಿ ಒಲಿ ಮುಂದ ಕೂತಿದ್ದ ವೈನಿ ರೂಢಿಯಂಗ ಹೂರಣದ ಪಾತೇಲಿ ಎಳಕೊಂಡು ಕಾಲು ಮಡಚಿದ್ಲು.

ನಾನು ಹೋಗಿ ನಡುವ ನಿಂತೆ.

"ಸುತ್ತ ಹಾಕ್ಕೊಂಡು ಹೋಗಪಾ," ಅಂದೆ. "ಇದು ಹಾದಿ ಅಲ್ಲ."